ಮೊದಲು ಪ್ಯಾಕೆಟ್ ಓದಿ

ಆದವಾನಿಯ ಹತ್ತಿ ಯಾರ್ಡಿನಲ್ಲಿ ನುರಿತ ಖರೀದಿದಾರ ರಾಶಿಗೆ ಕೈ ಹಾಕಿ, ಹಿಡಿ ಹತ್ತಿ ತೆಗೆದು, ಎಳೆ ಬಿಡಿಸಿ ಉದ್ದ ನೋಡಿದ ಮೇಲೆಯೇ ಬೆಲೆ ಹೇಳುತ್ತಾನೆ. ಸೈಬರ್ ಭದ್ರತೆಯ ಕೆಲಸಕ್ಕೆ ಹೊರಟ ಹುಡುಗ ಹುಡುಗಿಯರಲ್ಲಿ ನಾನು ಹುಡುಕುವುದು ಬೆರಳಿಗಿಳಿದ ಆ ಅರಿವನ್ನೇ.

1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದು ಈಗ ಆಂಧ್ರಕ್ಕೆ ಸೇರಿದ ಆದವಾನಿ, ಆಲೂರು ಸೀಮೆಯ ಮಕ್ಕಳು ಡಿಗ್ರಿ ಮುಗಿಸಿ ಬೆಂಗಳೂರಿಗೋ ಹೈದರಾಬಾದಿಗೋ ರೈಲು ಹತ್ತುತ್ತಾರೆ. ಅದಕ್ಕೂ ಮೊದಲೇ ಸಾಲ ಮಾಡಿ ದುಬಾರಿ ಸರ್ಟಿಫಿಕೇಟಿಗೆ ದುಡ್ಡು ಸುರಿಯಬೇಡಿ.

ನೆಟ್‌ವರ್ಕಿನಲ್ಲಿ ಓಡಾಡುವ ಪ್ಯಾಕೆಟ್‌ಗಳನ್ನು, ಅಂದರೆ ಮಾಹಿತಿಯ ತುಣುಕುಗಳನ್ನು, ಹಿಡಿದು ತೋರಿಸುವ ವೈರ್‌ಶಾರ್ಕ್ ತಂತ್ರಾಂಶ ಉಚಿತ. ನಿಮ್ಮದೇ ಕಂಪ್ಯೂಟರಿನಲ್ಲಿ ಅದನ್ನು ಓಡಿಸಿ, ಒಂದೇ ಒಂದು ವೆಬ್‌ಸೈಟ್ ತೆರೆಯಿರಿ. ಸಾಮಾನ್ಯವಾಗಿ ಮೊದಲು ಕಾಣುವುದು ಆ ಹೆಸರಿನ ಐಪಿ ವಿಳಾಸ ಯಾವುದೆಂದು ವಿಚಾರಿಸುವ ಡಿಎನ್‌ಎಸ್ ಪ್ಯಾಕೆಟ್. ಬಳಿಕ ಸಿನ್, ಸಿನ್-ಆಕ್, ಆಕ್: ಮೂರೇ ಹೆಜ್ಜೆಯಲ್ಲಿ ಟಿಸಿಪಿ ಸಂಪರ್ಕ. ಆಮೇಲೆ ಬರುವ, ಮಾಹಿತಿಯನ್ನು ಗುಟ್ಟಾಗಿ ಸಾಗಿಸುವ ಟಿಎಲ್‌ಎಸ್‌ನ 'ಕ್ಲೈಂಟ್ ಹಲೋ' ನನಗೆ ಬಲು ಪ್ರಿಯವಾದ ಪ್ಯಾಕೆಟ್. ಬೀಗದ ಚಿಹ್ನೆ ಇದ್ದರೆ ಎಲ್ಲವೂ ಗುಟ್ಟು ಎಂದು ಜನ ನಂಬಿದ್ದಾರೆ. ಆದರೆ ನೀವು ಹೋಗುತ್ತಿರುವ ಸೈಟಿನ ಹೆಸರು ಬಹುಮಟ್ಟಿಗೆ ಇಲ್ಲಿ ಬಯಲಿಗೇ ಬಿದ್ದಿರುತ್ತದೆ. ಏನು ಓದಿದಿರಿ ಎಂಬುದಷ್ಟೇ ಮರೆಯಲ್ಲಿರುತ್ತದೆ, ಎಲ್ಲಿಗೆ ಹೋದಿರಿ ಎಂಬುದಲ್ಲ. ಇದನ್ನು ಕಣ್ಣಾರೆ ಕಂಡವರು ಸಂದರ್ಶನದಲ್ಲಿ ತಡವರಿಸುವುದಿಲ್ಲ.

ಹೀಗೆ ಕಣ್ಣಿಟ್ಟು ಓದುವುದಕ್ಕೊಂದು ಹಳೆಯ ಉದಾಹರಣೆಯಿದೆ. 1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳ ವಿಜ್ಞಾನಿ ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ 75 ಸೆಂಟ್ ತಾಳೆಯಾಗದ್ದನ್ನು ಕಂಡು ಬೆನ್ನುಹತ್ತಿದರು. ಕೊನೆಗೆ ಸಿಕ್ಕಿಬಿದ್ದವನು ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಗೆ ಮಾಹಿತಿ ಮಾರುತ್ತಿದ್ದ ಪಶ್ಚಿಮ ಜರ್ಮನಿಯ ಹ್ಯಾಕರ್. ಸ್ಟಾಲ್ ಕೈಯಲ್ಲಿದ್ದದ್ದು ಲಾಗ್‌ಗಳನ್ನು, ಅಂದರೆ ಕಂಪ್ಯೂಟರಿನ ಚಟುವಟಿಕೆಯ ದಾಖಲೆಗಳನ್ನು, ಸಾಲುಸಾಲಾಗಿ ಓದುವ ಹಟ, ಜೊತೆಗೊಂದು ದಿನಚರಿ ಪುಸ್ತಕ.

ಅಂಥ ಅಭ್ಯಾಸಕ್ಕೆ ದಾರಿಗಳಿವೆ. ಲಿನಕ್ಸ್ ಕಮಾಂಡ್ ಕೈಗೆ ಹತ್ತಲು ಓವರ್‌ದವೈರ್ ಜಾಲತಾಣದ 'ಬ್ಯಾಂಡಿಟ್' ಆಟ ಸಾಕು. ವೆಬ್ ದೋಷಗಳನ್ನು ಅರಿಯಲು ಒವಾಸ್ಪ್ ಸಂಸ್ಥೆಯವರು ಬೇಕೆಂದೇ ತೂತುಗಳನ್ನಿಟ್ಟು ಕಟ್ಟಿದ 'ಜ್ಯೂಸ್ ಶಾಪ್' ಎಂಬ ವೆಬ್ ತಂತ್ರಾಂಶ ಇದೆ. ಅನುಮತಿಯಿಲ್ಲದೆ ಪರರ ಕಂಪ್ಯೂಟರಿಗೆ ಮಾತ್ರ ಕೈ ಹಾಕಬೇಡಿ. 2000ದ ಐಟಿ ಕಾಯ್ದೆಯ 43ನೇ ಕಲಮಿನಡಿ ಪರಿಹಾರ ತೆರಬೇಕಾಗುತ್ತದೆ. ಮೋಸದ ಉದ್ದೇಶವಿದ್ದರೆ 66ನೇ ಕಲಮಿನಡಿ 3 ವರ್ಷದವರೆಗೆ ಜೈಲು.

ಇಂಗ್ಲಿಷ್ ಸಾಲದೆಂಬ ಅಳುಕು ಕನ್ನಡ ಮಾಧ್ಯಮದಲ್ಲಿ ಓದಿದವರನ್ನು ಕಾಡುತ್ತದೆ. ಕಂಡದ್ದನ್ನು ಮೊದಲು ಕನ್ನಡದಲ್ಲೇ ನೋಟ್‌ಬುಕ್ಕಿಗೆ ಬರೆಯಿರಿ. ಬರೆಯಲಾಗದೆ ನಿಂತ ಜಾಗವೇ ನೀವಿನ್ನೂ ಕಲಿಯಬೇಕಾದ ಪಾಠ. ಬೆಂಗಳೂರು ಸೇರಿದ ಮೇಲೆ ಸೈಬರ್ ಭದ್ರತೆಯ ಆಸಕ್ತರ 'ನಲ್' ಬಳಗದ ಸಭೆಗಳಿಗೆ ಹೋಗಿ. ಪ್ರವೇಶ ಉಚಿತ, ಪ್ರಶ್ನೆ ಕೇಳಲು ಸಂಕೋಚ ಬೇಡ.