ದಿವಾನರ ಚಿತ್ರಶಾಲೆಯೂ ಪ್ರಜೆಗಳ ಅರ್ಜಿಯೂ

ಡಿ. ವಿ. ಗುಂಡಪ್ಪನವರ ‘ಜ್ಞಾಪಕ ಚಿತ್ರಶಾಲೆ’ಯ ಸಂಪುಟಗಳ ಪೈಕಿ ‘ಮೈಸೂರಿನ ದಿವಾನರು’ ಎಂಬುದನ್ನು ವಾಚಕರು ಸಾಮಾನ್ಯವಾಗಿ ನೆನಪುಗಳ ಗ್ರಂಥವೆಂದೇ ಓದುತ್ತಾರೆ. ಅದನ್ನು ರಾಜ್ಯವಿಚಾರದ ಗ್ರಂಥವೆಂದೂ ಓದಬೇಕೆಂಬುದು ನನ್ನ ಅಭಿಪ್ರಾಯ. ಉದಾರವಾದಿ, ಸಂಪ್ರದಾಯವಾದಿ ಎಂಬ ಮಾತುಗಳು ಇಂದು ಬೈಗುಳಗಳಾಗಿ ಪರಿಣಮಿಸಿವೆ. ನಮ್ಮ ಮಂಡಕಳ್ಳಿಯ ಜಗುಲಿಯ ಮೇಲೆ ನಡೆಯುವ ಸಂಜೆಯ ಚರ್ಚೆಯಲ್ಲಿಯೂ ಎದುರಾಳಿಯ ಬಾಯಿ ಮುಚ್ಚಿಸಲು ಇವೆರಡೇ ಸಾಕಾಗಿವೆ. ಇವೆರಡೂ ಒಂದೇ ಮನಸ್ಸಿನಲ್ಲಿ ಹೇಗೆ ಕೂಡಿ ಬಾಳಬಲ್ಲವೆಂಬುದನ್ನು ಡಿ.ವಿ.ಜಿ.ಯವರ ಬರೆವಣಿಗೆ ತೋರಿಸುತ್ತದೆ.

ಅವರು ಗೋಪಾಲಕೃಷ್ಣ ಗೋಖಲೆಯವರ ಮಾರ್ಗವನ್ನು ಮೆಚ್ಚಿದವರು. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆಯವರ ಹೆಸರಿನಲ್ಲಿಯೇ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದವರು. ಶಾಸನಬದ್ಧ ಆಡಳಿತ, ಮುಕ್ತ ಚರ್ಚೆ, ಕ್ರಮಕ್ರಮವಾದ ಸುಧಾರಣೆ ಇವು ಅವರಿಗೆ ಪ್ರಿಯವಾದುವು. ಅಷ್ಟೇ ಪ್ರಿಯವಾದುದು ಹಿಂದಿನಿಂದ ಬಂದ ಧರ್ಮಮರ್ಯಾದೆ. ಆದುದರಿಂದ ರಾಜ್ಯದ ಕ್ಷೇಮವನ್ನು ಅವರು ಆಳುವವನ ಶೀಲದಲ್ಲಿ ಹುಡುಕುತ್ತಾರೆ. ಈ ದೃಷ್ಟಿಗೆ ಒಂದು ಘನತೆಯಿದೆ. ದಿವಾನರ ವಿದ್ವತ್ತು, ದುಡಿಮೆ, ನಿಸ್ಪೃಹತೆ ಅವರ ಲೇಖನಿಯಲ್ಲಿ ಜೀವ ತಳೆಯುತ್ತವೆ. ಆದರೆ ದಿವಾನರ ಕಚೇರಿಯ ಬಾಗಿಲಿನಲ್ಲಿ ಅರ್ಜಿ ಹಿಡಿದು ನಿಂತ ರೈತನು ಈ ಚಿತ್ರಶಾಲೆಯಲ್ಲಿ ಚಿತ್ರವಾಗುವುದಿಲ್ಲ. ಆಯ್ದುಕೊಂಡ ವಸ್ತುವೇ ಹಾಗೆ ಎನ್ನಬಹುದು. ಆದರೆ ವಸ್ತುವಿನ ಆಯ್ಕೆಯೂ ಒಂದು ವಿಚಾರವೇ ಅಲ್ಲವೆ?

1881ರಲ್ಲಿ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕರೆದಾಗ ಅದರಲ್ಲಿ ಕುಳಿತವರು 144 ಮಂದಿ, ಬಹುಪಾಲು ಭೂಮಾಲಿಕರು ಮತ್ತು ವರ್ತಕರು. ಕಾಯಿದೆ ಮಾಡುವ ಅಧಿಕಾರ ಅವರಿಗೆ ಇರಲಿಲ್ಲ, ಅಹವಾಲು ಹೇಳಬಹುದಾಗಿದ್ದಿತು. ಆ ಕಾಲಕ್ಕೆ ಅದೇ ದೊಡ್ಡ ಹೆಜ್ಜೆ. ಮುಂದೆ 1918ರ ಆಗಸ್ಟಿನಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಕವಾದಾಗ ಈ ಉದಾರವಾದದ ನಿಜವಾದ ಪರೀಕ್ಷೆ ನಡೆಯಿತು. ವಿಶ್ವವಿದ್ಯಾನಿಲಯವನ್ನೂ ಕೈಗಾರಿಕೆಗಳನ್ನೂ ಬೆಳೆಸಿದ ವಿಶ್ವೇಶ್ವರಯ್ಯನವರು ಜಾತಿಯ ಆಧಾರದ ಮೇಲೆ ಹುದ್ದೆ ಕೊಡುವುದನ್ನು ಒಪ್ಪಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ದಿವಾನಗಿರಿಯನ್ನು ಬಿಟ್ಟರು. ವರದಿಯನ್ನು ಅಂಗೀಕರಿಸಿ 1921ರಲ್ಲಿ ಆಜ್ಞೆ ಹೊರಡಿಸಿದುದು ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ. ವಂಶಪಾರಂಪರ್ಯದ ಸಿಂಹಾಸನ ಮುಂದಕ್ಕೆ ನಡೆಯಿತು, ಪ್ರಗತಿಪರ ದಿವಾನರು ಹಿಂದೆ ನಿಂತರು. ಇದರಲ್ಲಿ ಯಾರು ಉದಾರಿ, ಯಾರು ಸಂಪ್ರದಾಯವಾದಿ?

ವಿಶ್ವೇಶ್ವರಯ್ಯನವರ ವಾದವನ್ನು ಕುಲಾಭಿಮಾನವೆಂದು ತಳ್ಳಿಹಾಕುವುದು ಅನ್ಯಾಯ. ಅರ್ಹತೆಯೊಂದೇ ಅಳತೆಗೋಲೆಂಬುದು ಶುದ್ಧ ಉದಾರವಾದವೇ. ಅದರ ಕೊರತೆಯೆಂದರೆ, ಆ ಅರ್ಹತೆ ಯಾವ ಮನೆಗಳಲ್ಲಿ ಎಷ್ಟು ತಲೆಮಾರುಗಳಿಂದ ಶೇಖರವಾಗಿ ಬಂದಿತ್ತೆಂಬುದನ್ನು ಅದು ಕೇಳಲಿಲ್ಲ.

ಇನ್ನು ನಮ್ಮವರ ಮಾತು. 1917ರ ಪ್ರಜಾಮಿತ್ರ ಮಂಡಳಿಯಲ್ಲಿ ಲಿಂಗಾಯತ, ಒಕ್ಕಲಿಗ ಮುಖಂಡರು ಪ್ರಾತಿನಿಧ್ಯ ಬೇಡಿದರು. ಮಿಲ್ಲರ್ ಸಮಿತಿ ಅವರನ್ನು ಹಿಂದುಳಿದವರೆಂದು ಪರಿಗಣಿಸಿತು. 1975ರಲ್ಲಿ ಹಾವನೂರು ಆಯೋಗ ಲಿಂಗಾಯತರನ್ನು ಆ ಪಟ್ಟಿಯಿಂದ ಕೈಬಿಟ್ಟಾಗ ನಮ್ಮಲ್ಲಿ ಎದ್ದ ಕೂಗು ಬೇರೆಯಾಗಿದ್ದಿತು. 2015ರ ಸಮೀಕ್ಷೆಯ ವರದಿ 2024ರಲ್ಲಿ ಸರ್ಕಾರದ ಕೈ ಸೇರಿದಾಗಲೂ ಅದೇ ಕೂಗು. ಲೆಕ್ಕದ ವಿಧಾನದ ಬಗ್ಗೆ ಆಕ್ಷೇಪವಿರಬಹುದು, ಇರಲಿ. ಆದರೆ ಅಂದು ಎಣಿಸಿರೆಂದು ಬೇಡಿದವರು ಇಂದು ಎಣಿಕೆಯೇ ಬೇಡವೆಂದರೆ, ನಾವು ಪ್ರಾತಿನಿಧ್ಯವನ್ನು ತತ್ತ್ವವಾಗಿ ಹಿಡಿದಿದ್ದೆವೋ ಅನುಕೂಲವಾಗಿ ಹಿಡಿದಿದ್ದೆವೋ ಎಂದು ಹೊರಗಿನವರು ಕೇಳಿಯಾರು.

ಅನುಭವ ಮಂಟಪವನ್ನು ಸಂಸತ್ತೆಂದು ಕರೆಯುವ ಉತ್ಸಾಹ ವಚನಗಳ ಓದಿನಲ್ಲಿ ಆಯುಷ್ಯ ಕಳೆದ ನನಗೆ ರುಚಿಸುವುದಿಲ್ಲ. ಮತಗಣನೆ, ಕಂದಾಯದ ಕಾಯಿದೆ ಅಲ್ಲಿಯ ವಿಷಯಗಳಲ್ಲ. ಆದರೂ ಒಂದು ಸಂಗತಿ ಗಮನಾರ್ಹ: ಮಡಿವಾಳ ಮಾಚಯ್ಯನೂ ಅಂಬಿಗರ ಚೌಡಯ್ಯನೂ ತಮ್ಮ ಮಾತನ್ನು ತಾವೇ ಆಡಿದರು; ಇನ್ನೊಬ್ಬರು ಅವರ ಪರವಾಗಿ ಅರ್ಜಿ ಬರೆಯಲಿಲ್ಲ. ಡಿ.ವಿ.ಜಿ.ಯವರ ಶೀಲಪ್ರಧಾನ ದೃಷ್ಟಿಗೆ ಸೇರಬೇಕಾದ ಅಂಶ ಇದು. ಶೀಲವಂತನಾದ ದಿವಾನನು ಬಡವನ ಹಿತವನ್ನು ಊಹಿಸಬಲ್ಲ, ಆದರೆ ಬಡವನ ಮಾತಿಗೆ ಆ ಊಹೆ ಬದಲಿಯಾಗದು.

ನಮ್ಮ ಕಾಲೇಜುಗಳ ಅಧ್ಯಾಪಕರು ‘ಮೈಸೂರಿನ ದಿವಾನರು’ ಸಂಪುಟವನ್ನೂ ಮಿಲ್ಲರ್ ವರದಿಯನ್ನೂ ಒಂದೇ ಮೇಜಿನ ಮೇಲಿಟ್ಟು ವಿದ್ಯಾರ್ಥಿಗಳಿಂದ ಓದಿಸಲಿ. ಹಾವನೂರು ವರದಿಯನ್ನೂ ಅವುಗಳ ಪಕ್ಕದಲ್ಲಿಡಲು ಹಿಂಜರಿಯದಿರಲಿ.