ಯಂತ್ರತಂಬೂರಿಯೂ ಸೂಕ್ಷ್ಮಶ್ರವಣವೂ

ಉಪಕರಣವೊಂದು ಸುಲಭವಾಗಿ ಕೈಗೆ ಸಿಕ್ಕುವುದೆಂಬ ಕಾರಣದಿಂದಲೇ ಅದರ ನಾದವೂ ಉತ್ತಮವೆಂಬ ನಂಬಿಕೆ ಜನಮನದಲ್ಲಿ ಬೇರೂರಿಬಿಟ್ಟರೆ, ಆ ನಂಬಿಕೆಯನ್ನು ಪರೀಕ್ಷಿಸುವುದು ವಿಮರ್ಶಕನ ಕರ್ತವ್ಯವಾಗುತ್ತದೆ. ಬೆಂಗಳೂರಿನ ಜಿ. ರಾಜ್‌ನಾರಾಯಣ್ ಅವರು ಸಂಗೀತಾಭಿಮಾನವನ್ನೂ ಇಂಜಿನಿಯರಿಂಗ್ ವಿದ್ಯೆಯನ್ನೂ ಒಂದುಗೂಡಿಸಿ 1979ರಲ್ಲಿ ನಿರ್ಮಿಸಿದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯೂ ಅದರ ಸಂತತಿಯಾದ ಎಲೆಕ್ಟ್ರಾನಿಕ್ ತಂಬೂರಿಯೂ ಇಂದು ಅಂತಹ ನಂಬಿಕೆಯ ಆಶ್ರಯದಲ್ಲಿವೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಸೀಮೆಯಲ್ಲಿ ದೇವಸ್ಥಾನದ ಭಜನೆಯಿರಲಿ, ಹರಿಕಥೆಯಿರಲಿ, ಮದುವೆಮನೆಯ ಓಲಗವಿರಲಿ, ಹಿಂದೆ ಒತ್ತಿನವನೋ ತಂಬೂರಿಯವನೋ ಕೂರುತ್ತಿದ್ದ ಜಾಗದಲ್ಲಿ ಈಗ ಬಹುಮಟ್ಟಿಗೆ ಆ ಪೆಟ್ಟಿಗೆಯೇ ಕುಳಿತಿದೆ. ಅದರ ಶ್ರುತಿ ಅಲ್ಲಾಡದು ಎಂಬುದೇ ಎಲ್ಲರ ಹೊಗಳಿಕೆ. ನನ್ನ ಅಭಿಪ್ರಾಯದಲ್ಲಿ ಈ ಕೀರ್ತಿ ಅದರ ಯೋಗ್ಯತೆಯನ್ನು ಮೀರಿದ್ದು. ಮತ್ತು ಅದಕ್ಕೆ ಬೆಲೆ ತೆರುತ್ತಿರುವವರು ಶಬ್ದಕ್ಕೆ ತೀವ್ರವಾಗಿ ಸ್ಪಂದಿಸುವ ಕಿವಿಯುಳ್ಳ ಶ್ರೋತೃಗಳು.

ಪೆಟ್ಟಿಗೆಯ ಉಪಕಾರವನ್ನು ಮರೆಯತಕ್ಕದ್ದಲ್ಲ. ತೇವಕ್ಕೂ ಬಿಸಿಲಿಗೂ ತಂತಿ ಸಡಿಲುವುದು, ಬಿರಡೆ ಜಾರುವುದು, ಮೀಟಲು ಶಿಷ್ಯರು ಒದಗದಿರುವುದು ಮೊದಲಾದ ತೊಂದರೆಗಳನ್ನೆಲ್ಲ ಅದು ಒಂದು ಗುಂಡಿಯಿಂದ ಪರಿಹರಿಸಿತು; ಗುರುವಿನ ಮನೆಯಿಂದ ದೂರವಿರುವ ಹಳ್ಳಿಯ ಹುಡುಗಿ ಬೆಳಗಿನ ಜಾವದಲ್ಲಿ ಒಬ್ಬಳೇ ಕುಳಿತು ಸಾಧನೆ ಮಾಡಲು ಅನುಕೂಲ ಕಲ್ಪಿಸಿತು. ಇಷ್ಟನ್ನು ಒಪ್ಪಿಕೊಂಡೇ ಮುಂದುವರಿಯೋಣ. ಆದರೆ ಸೌಕರ್ಯದ ಮಾತು ಬೇರೆ, ನಾದದ ಮಾತು ಬೇರೆ.

ಒಂದು ಮನೆ ಶ್ರುತಿಗೆ ಕೂಡಿಸಿದ ಮರದ ತಂಬೂರಿಯ ಒಂದೇ ಸುತ್ತನ್ನು ಗಮನವಿಟ್ಟು ಕೇಳಿರಿ. ಪಂಚಮ, ಸಾರಣಿ, ಅನುಸಾರಣಿ, ಕಡೆಗೆ ಮಂದ್ರ ಎಂಬ ಕ್ರಮದಲ್ಲಿ ಬೆರಳು ನಾಲ್ಕು ತಂತಿಗಳನ್ನೂ ಸವರಿಕೊಂಡು ಹೋಗುತ್ತದೆ. ಪುರುಷ ಕಂಠದ ಆಧಾರಷಡ್ಜ ಇಲ್ಲಿ ಸೆಕೆಂಡಿಗೆ ಸುಮಾರು 131 ಕಂಪನಗಳದು. ಮಂದ್ರದ್ದು ಅದರ ಅರ್ಧ, ಸುಮಾರು 65. ತಂತಿಯು ಚೂಪಾದ ಅಂಚಿನ ಮೇಲೆ ಕುಳಿತಿದ್ದ ಪಕ್ಷದಲ್ಲಿ ಮೀಟಿದೊಡನೆ ಮೊಳಗಿ ಬೇಗನೆ ಸಪ್ಪೆಯಾಗುತ್ತಿತ್ತು. ತಂಬೂರಿಯ ಕುದುರೆಯಾದರೋ ಅಗಲವಾದುದು, ಮೆಲ್ಲನೆ ಬಾಗಿದ ಬೆನ್ನುಳ್ಳದ್ದು. ಆ ಬೆನ್ನಿಗೂ ತಂತಿಗೂ ನಡುವೆ ಜೀವಾಳವೆಂಬ ನೂಲಿನ ಎಳೆಯೊಂದು ಸೇರಿಕೊಂಡಿದೆ. ಆ ಎಳೆಯನ್ನು ಅತ್ಯಲ್ಪ ಪ್ರಮಾಣದಲ್ಲಿ ಹಿಂದೆಮುಂದೆ ಸರಿಸಿ ತಕ್ಕ ಸ್ಥಾನಕ್ಕೆ ತಂದರೆ, ಅಲ್ಲಿಯವರೆಗೆ ಮಂಕಾಗಿದ್ದ ತಂತಿ ಝೇಂಕರಿಸತೊಡಗುತ್ತದೆ. ಏಕೆಂದರೆ ಪ್ರತಿಯೊಂದು ಕಂಪನದಲ್ಲಿಯೂ ಅದು ಕುದುರೆಯ ಬೆನ್ನನ್ನು ನವಿರಾಗಿ ತಾಗಿ ಬಿಡುತ್ತ, ತನ್ನ ಶಕ್ತಿಯನ್ನು ಮೂಲಸ್ವರದಿಂದ ಮೇಲಿನ ಉಪಸ್ವರಗಳಿಗೆ ಹಂಚುತ್ತದೆ. ಸಿ. ವಿ. ರಾಮನ್ ಅವರು 1921ರ ತಮ್ಮ ಲೇಖನದಲ್ಲಿ ತಂಬೂರಿ ವೀಣೆಗಳ ಈ ಕುದುರೆಯನ್ನೇ ಕುರಿತು ವಿವೇಚಿಸಿ, ಇಂತಹ ಬಿಂದುವಿನಲ್ಲಿ ಮೀಟಿದರೆ ಇಂತಹ ಉಪಸ್ವರ ಹುಟ್ಟಲಾರದೆಂದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸರ ನಿಯಮ ಯಾವುದನ್ನು ನಿಷೇಧಿಸುತ್ತದೆಯೋ ಆ ಉಪಸ್ವರವೇ ಇಲ್ಲಿ ಸ್ಪಷ್ಟವಾಗಿ ಕೇಳಿಬರುವುದೆಂದು ತೋರಿಸಿಕೊಟ್ಟರು.

ಈ ಉಪಸ್ವರಗಳ ಪೈಕಿ ಐದನೆಯದು ಅಂತರಗಾಂಧಾರ. ಅದನ್ನು ಯಾರೂ ಮೀಟುವುದಿಲ್ಲ. ಅದಕ್ಕೆಂದು ತಂತಿಯೂ ಇಲ್ಲ. ಮಂದ್ರಷಡ್ಜದ ಐದು ಪಟ್ಟು, ಎಂದರೆ ಸುಮಾರು 327 ಕಂಪನಗಳಲ್ಲಿ, ತಾನಾಗಿ ಹುಟ್ಟುವುದರಿಂದಲೇ ವಿದ್ವಾಂಸರು ಅದನ್ನು ಸ್ವಯಂಭೂ ಎಂದರು. ಮಂದ್ರವನ್ನು ಮುಟ್ಟಿದ ಕ್ಷಣದಲ್ಲಿ ಅದು ಎದ್ದು ಕೇಳಿಸದು. ತಂತಿಯ ಆವೇಗ ತಣಿಯುತ್ತ ಬಂದಂತೆ ಇತರ ಝೇಂಕಾರಗಳು ಹಿಂದೆ ಸರಿದು, ಆ ತೆರವಿನಲ್ಲಿ ಗಾಂಧಾರವು ಮೆಲ್ಲಗೆ ಮೂಡಿ, ಮುಂದಿನ ಪಂಚಮ ಬಂದು ಮುಸುಕುವವರೆಗೆ ನಿಲ್ಲುತ್ತದೆ. ಬೆರಳು ತುಸು ಬೇಗ ಬಂದರೆ ಅದರ ಆಯುಸ್ಸು ಕಿರಿದು, ತಡೆದು ಬಂದರೆ ಹಿರಿದು. ಕೇಳುವವನ ಗಮನ ಆ ಮೂಡುವಿಕೆಯನ್ನು ಹಿಂಬಾಲಿಸುತ್ತ ವಿಶ್ರಾಂತಿ ಪಡೆಯುತ್ತದೆ.

ಈಗ ಪೆಟ್ಟಿಗೆಯ ಕಡೆಗೆ ತಿರುಗೋಣ. ಮೊದಲ ಪೀಳಿಗೆಯ ಯಂತ್ರಗಳು ವಿದ್ಯುತ್ ಆಂದೋಲನದಿಂದ ಸ್ವರವನ್ನು ಹುಟ್ಟಿಸಿದುವು. ಅಲ್ಲಿ ಉಪಸ್ವರಗಳ ಪ್ರಮಾಣ ಒಮ್ಮೆ ನಿಗದಿಯಾದರೆ ಆಯಿತು, ಗಾಂಧಾರ ಮೂಡಿ ಮುಳುಗುವ ಪ್ರಸಂಗವೇ ಇಲ್ಲ. ಅನಂತರದವುಗಳಲ್ಲಿ ಅನೇಕವು ನಿಜವಾದ ತಂಬೂರಿಯ ಧ್ವನಿಯನ್ನೇ ಮುದ್ರಿಸಿಕೊಂಡು ಮರಳಿ ಮರಳಿ ನುಡಿಸುತ್ತವೆ. ಅಲ್ಲಿ ಗಾಂಧಾರವೇನೋ ಉಂಟು, ಆದರೆ ಅದೇ ಕ್ಷಣಕ್ಕೆ, ಅದೇ ಅಳತೆಯಲ್ಲಿ, ಎಂದೆಂದಿಗೂ. ಇದರ ಮೇಲೆ, ಪೆಟ್ಟಿಗೆಯೊಳಗಿನ ಪುಟ್ಟ ಸ್ಪೀಕರು 65 ಕಂಪನಗಳ ಮಂದ್ರವನ್ನು ಸರಿಯಾಗಿ ಹೊರಡಿಸಲಾರದು. ಬುಡವಡಗಿ, ನಡುವಿನದೂ ಮೇಲಿನದೂ ಮಾತ್ರ ಮುಂದಾಗುತ್ತದೆ. ಮನುಷ್ಯನ ಕಿವಿ ಅತ್ಯಂತ ಚುರುಕಾಗಿರುವುದೋ 2000 ದಿಂದ 5000 ಕಂಪನಗಳ ಆ ಮೇಲಿನ ಹರಹಿನಲ್ಲಿಯೇ.

ಸಾಮಾನ್ಯ ಶ್ರೋತೃವು ಸ್ವಲ್ಪ ಹೊತ್ತಿನಲ್ಲಿ ಇದನ್ನು ಕೇಳಿಯೂ ಕೇಳದವನಾಗುತ್ತಾನೆ. ಸೂಕ್ಷ್ಮಶ್ರವಣದವರಿಗೆ, ಆಟಿಸಂ ಉಳ್ಳವರಲ್ಲಿ ಅನೇಕರಿಗೆ, ಮೈಗ್ರೇನಿನ ಬಾಧೆಯಲ್ಲಿರುವವರಿಗೆ, ಕಿವಿಯ ಬೇನೆಯಿಂದ ಸಣ್ಣ ಸದ್ದೂ ದೊಡ್ಡದಾಗಿ ಎರಗುವವರಿಗೆ, ಆ ಮರವೆ ಸುಲಭವಾಗಿ ಲಭಿಸದು. ಅವರ ಸಂಕಟವನ್ನು ನಾಜೂಕುತನವೆಂದು ತಳ್ಳಿಹಾಕುವುದು, ವಾಕ್‌ಶ್ರವಣಗಳ ಅಧ್ಯಯನಕ್ಕೆಂದೇ ಅಖಿಲ ಭಾರತ ಸಂಸ್ಥೆಯೊಂದು ನೆಲೆಸಿರುವ ಮೈಸೂರಿನ ನೆರೆಯವರಾದ ನಮಗೆ ಶೋಭಿಸತಕ್ಕದ್ದಲ್ಲ.

ಇಲ್ಲಿ ಕೆಲವು ವಿಮರ್ಶಕರು ಅಡ್ಡಬರುತ್ತಾರೆ. ಸೂಕ್ಷ್ಮಶ್ರವಣದವರಿಗೆ ನೋವಾಗುವುದು ಹಠಾತ್ತಾದ ಸದ್ದಿನಿಂದ. ಪೆಟ್ಟಿಗೆಯ ಸಮನಾದ ನಾದ ಅವರಿಗೆ ವರವೇ ಸರಿ ಎಂಬುದು ಅವರ ವಾದ. ಪೂರ್ವಾರ್ಧವನ್ನು ಒಪ್ಪುತ್ತೇನೆ: ಪಟಾಕಿಗೂ ತಮಟೆಗೂ ಬೆಚ್ಚುವ ಮಗು ಸಮನಾದ ಧ್ವನಿಯಲ್ಲಿ ಸಮಾಧಾನ ಕಾಣುವುದುಂಟು, ಕೆಲವರಿಗೆ ಪೆಟ್ಟಿಗೆಯೂ ಹಿತವಾಗಬಹುದು. ಉತ್ತರಾರ್ಧದಲ್ಲಿ ಅವರು ಕ್ರಮಬದ್ಧತೆಯನ್ನೂ ಏಕರೂಪತೆಯನ್ನೂ ಒಂದೇ ಎಂದು ಎಣಿಸಿದ್ದಾರೆ. ತಾಯಿ ತೊಟ್ಟಿಲು ತೂಗುವುದು ಕ್ರಮವಾಗಿಯೇ. ಒಂದು ತೂಗು ಮತ್ತೊಂದರ ಪಡಿಯಚ್ಚಲ್ಲ. ತಂಬೂರಿಯ ಸುತ್ತು ಅಂತಹುದು: ಮುಂದೆ ಬರುವುದು ಯಾವ ಸ್ವರವೆಂದು ಕಿವಿ ಬಲ್ಲುದು, ಆದುದರಿಂದ ಬೆಚ್ಚದು; ಅದು ಹೇಗೆ ಬರುವುದೆಂದು ಪೂರ್ತಿಯಾಗಿ ಅರಿಯದು, ಆದುದರಿಂದ ಬೇಸರಿಸದು. ಈ ಭೇದವನ್ನು ಕಾಣದೆ ಹೊಗಳಿದವರು ಯಂತ್ರದ ಮಿತಿಗೆ ಸದ್ಗುಣವೆಂದು ಹೆಸರಿಟ್ಟಿದ್ದಾರೆ.

ಇವರಿಗಿಂತ ನನ್ನನ್ನು ಹೆಚ್ಚು ನೋಯಿಸುವವರು ಶುದ್ಧವಾದಿಗಳು. ಯಂತ್ರವೆಂದ ಮಾತ್ರಕ್ಕೆ ಅದು ನಿರ್ಜೀವವೆಂದು ತೀರ್ಪು ಕೊಡುವ ಇವರು, ಗಾಯಕರ ಎದುರಿಗೂ ತಂಬೂರಿಯ ಎದುರಿಗೂ ಮೈಕು ನಿಲ್ಲಿಸಿ ಗೋಪುರದ ಮೇಲಣ ಹಾರ್ನಿನಿಂದ ಊರಿಗೆಲ್ಲ ಬಿತ್ತರಿಸುವಾಗ ಮಾತಾಡುವುದಿಲ್ಲ. ಹಾರ್ನು ತಗ್ಗಿನ ಸ್ವರಗಳನ್ನು ನುಂಗಿ ನಡುಸ್ವರಗಳನ್ನು ಎತ್ತಿಹಿಡಿಯುವ ಸಾಧನ. ಅದರ ಮೂಲಕ ಬಂದ ಮರದ ತಂಬೂರಿಯೂ ಪೆಟ್ಟಿಗೆಯ ಮಟ್ಟಕ್ಕೆ ಇಳಿಯುತ್ತದೆ. ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದಂತಹ ಹೊಯ್ಸಳ ನವರಂಗವನ್ನು ನೋಡಿರಿ: ತಿರುಗಣೆಯಲ್ಲಿ ಕಡೆದ ನುಣುಪಾದ ಕಂಬಗಳು, ಸುತ್ತ ಕಲ್ಲಿನ ಗೋಡೆ, ಮೇಲೆ ಕಲ್ಲಿನ ಚಾವಣಿ. ಬರಿಯ ಕಂಠವೊಂದೇ ತುಂಬಬಲ್ಲ ಅಂತಹ ಅಂಗಣಕ್ಕೆ ಸ್ಪೀಕರು ತಂದಿಟ್ಟರೆ, ಕಲ್ಲು ಹೀರದ ಧ್ವನಿ ಮುಖದಿಂದ ಮುಖಕ್ಕೆ ಚಿಮ್ಮಿ ಸ್ವರದ ಮೇಲೆ ಸ್ವರ ಕವಿಯುತ್ತದೆ. ಸೂಕ್ಷ್ಮಶ್ರವಣದವನು ಕಿವಿ ಮುಚ್ಚಿಕೊಂಡು ಹೊರಗೆ ಹೋಗುತ್ತಾನೆ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಮಿತಿ ಹಾಕಿವೆ. ಆ ಮಿತಿಯಾದರೂ ಶಬ್ದದ ಪ್ರಮಾಣವನ್ನು ಹಿಡಿಯಬಲ್ಲುದೇ ಹೊರತು ಅದರ ಸ್ವಭಾವವನ್ನು ತಿದ್ದಲಾರದು. ಅದು ರಸಿಕರು ವಹಿಸಿಕೊಳ್ಳಬೇಕಾದ ಹೊಣೆ.

ಆದುದರಿಂದ ನನ್ನ ತೀರ್ಮಾನವಿದು: ಎಲೆಕ್ಟ್ರಾನಿಕ್ ತಂಬೂರಿ ಸಾಧಕನ ಮನೆಗೆ ಒಳ್ಳೆಯ ಸೇವಕ, ಸಭೆಗೆ ಸಾಲದು. ಈ ನಾಲ್ಕು ತಾಲ್ಲೂಕುಗಳ ದೇವಸ್ಥಾನ ಸಮಿತಿಗಳಲ್ಲಿಯೂ ಸಂಗೀತೋತ್ಸವ ನಡೆಸುವವರಲ್ಲಿಯೂ ನನ್ನ ಪ್ರಾರ್ಥನೆ ಇಷ್ಟೆ. ಮೂಲೆಯಲ್ಲಿ ತಂತಿ ಕಳಚಿ ಬಿದ್ದಿರುವ ಹಳೆಯ ತಂಬೂರಿಯಿದ್ದರೆ ಅದಕ್ಕೆ ತಂತಿ ಕಟ್ಟಿಸಿ. ಮೀಟಲು ಊರಿನ ಒಬ್ಬ ವಿದ್ಯಾರ್ಥಿಗೆ ಕಲಿಸಿ, ಅವನಿಗೆ ಸಂಭಾವನೆ ಕೊಡಿ. ಅದು ಸಾಧ್ಯವೇ ಇಲ್ಲವಾದರೆ ಪೆಟ್ಟಿಗೆಯನ್ನೇ ಇಡಿ, ಆದರೆ ಅದಕ್ಕೆ ಮೈಕು ಕೊಡಬೇಡಿ, ಗಾಯಕರ ಕಂಠಕ್ಕಿಂತ ತಗ್ಗಿನಲ್ಲಿ ನಿಲ್ಲಿಸಿ.