ಅಡಕೆ ಮರಕ್ಕೆ ಕ್ಷೇತ್ರ ಬದಲಾಯಿಸೋಕೆ ಬರಲ್ಲ

2024ರ ಮಾರ್ಚ್‌ನಲ್ಲಿ ಅಭ್ಯರ್ಥಿಗಳ ಪಟ್ಟಿ ಬಂದ ದಿನ ಮೆಣಸೆಯಿಂದ ಚಿಕ್ಕಪ್ಪನ ಫೋನು. "ನಿನ್ನ ವೋಟು ಬೆಂಗಳೂರಿಗೆ ಹಾಕಿಸ್ಕೊಂಡ್ಯಲ್ಲ? ನಮ್ಮ ಮೇಡಂ ಕೂಡ ಅಲ್ಲಿಗೇ ಬಂದ್ರು ನೋಡು ಮಾರಾಯ!" ಇಬ್ಬರೂ ನಕ್ಕೆವು. ಫೋನು ಇಟ್ಟ ಮೇಲೆ ಆ ನಗು ಉಳಿಯಲಿಲ್ಲ.

ಮೆಣಸೆ ಅಂದ್ರೆ ಶೃಂಗೇರಿ ಪಕ್ಕದ, ಸಂಸ್ಕೃತ ವಿಶ್ವವಿದ್ಯಾಲಯದ ಕ್ಯಾಂಪಸ್ ಇರುವ ಊರು. ಮೇಡಂ ಅಂದ್ರೆ ಶೋಭಾ ಕರಂದ್ಲಾಜೆ. ಅವರ ರಾಜಕೀಯ ಬದುಕನ್ನು ಒಂದು ರೆಸ್ಯೂಮೆ ಥರ ನೋಡಿದರೆ ಯಾರಾದರೂ ಮೆಚ್ಚಲೇಬೇಕು. ಪುತ್ತೂರು ಕಡೆಯ ಹಳ್ಳಿಯಿಂದ ಬಂದವರು. 2004ರಲ್ಲಿ ವಿಧಾನ ಪರಿಷತ್ತು, 2008ರಲ್ಲಿ ಯಶವಂತಪುರದ ಶಾಸಕಿ, ಗ್ರಾಮೀಣಾಭಿವೃದ್ಧಿ ಸಚಿವೆ. 2009ರಲ್ಲಿ ಪಕ್ಷದ ಒಳಜಗಳಕ್ಕೆ ಕುರ್ಚಿ ಹೋಯಿತು. ಮರುವರ್ಷ ಇಂಧನ ಸಚಿವೆಯಾಗಿ ವಾಪಸ್. ಯಡಿಯೂರಪ್ಪನವರ ಜೊತೆ ಕೆಜೆಪಿಗೆ ಹೋಗಿ 2013ರಲ್ಲಿ ರಾಜಾಜಿನಗರದಲ್ಲಿ ಸೋತರು. ಮರುವರ್ಷವೇ ಉಡುಪಿ-ಚಿಕ್ಕಮಗಳೂರಿನಿಂದ ಸಂಸತ್ತಿಗೆ. ಅಲ್ಲಿ ಮೊದಲ ಸಲದ ಅಂತರ 1.81 ಲಕ್ಷ, 2019ರಲ್ಲಿ ಸುಮಾರು 3.49 ಲಕ್ಷ. ಗಂಡಸರೇ ತುಂಬಿದ ರಾಜಕೀಯದಲ್ಲಿ ಬಿದ್ದಾಗಲೆಲ್ಲ ಎದ್ದ ಈ ಹಟವನ್ನು ಅಲ್ಲಗಳೆಯುವ ಹಾಗಿಲ್ಲ.

ಆದರೆ ರೆಸ್ಯೂಮೆ ಬರೆಯುವುದು ಅಭ್ಯರ್ಥಿ, ಅದನ್ನು ಓದಬೇಕಾದ್ದು ನಾವು. ತೋಟದಲ್ಲಿ ನಿಂತು ಓದಿದರೆ ಬೇರೆಯೇ ಕಾಣುತ್ತೆ.

2021ರ ಜುಲೈ 7ರಂದು ಅವರು ಕೇಂದ್ರ ಕೃಷಿ ರಾಜ್ಯ ಸಚಿವೆಯಾದರು. ಅಡಕೆ ಸೀಮೆಯ ಸಂಸದೆಗೆ ಕೃಷಿ ಖಾತೆ! ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಬರುವುದೂ ಅದೇ ಸಚಿವಾಲಯದಡಿ. ಶೃಂಗೇರಿ, ಕೊಪ್ಪ, ಎನ್.ಆರ್.ಪುರದ ತೋಟಗಳಲ್ಲಿ ದಶಕಗಳಿಂದ ಹಳದಿ ಎಲೆ ರೋಗ ಇದೆ. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವ ಈ ರೋಗಕ್ಕೆ ಮದ್ದಿಲ್ಲ. ಅದರ ಮೇಲೆ 2022ರ ಮಳೆಗಾಲದಲ್ಲಿ ಎಲೆಚುಕ್ಕಿಯೂ ಜೋರಾಯಿತು. ಹಾಗಾಗಿ ಊರಲ್ಲಿ ಆಸೆ ಹುಟ್ಟಿದ್ದು ಸಹಜ.

ಸಮಸ್ಯೆ ಏನಂದ್ರೆ, 'ರಾಜ್ಯ ಸಚಿವೆ' ಅನ್ನೋ ಪದ ದೊಡ್ಡದು, ಕೈಯಲ್ಲಿರುವ ಪೆನ್ನು ಸಣ್ಣದು. ಖಾತೆಯ ಯಜಮಾನ ಸಂಪುಟ ದರ್ಜೆಯ ನರೇಂದ್ರ ಸಿಂಗ್ ತೋಮರ್. ಅವರ ಕೆಳಗೆ ಇಬ್ಬರು ರಾಜ್ಯ ಸಚಿವರು. ಅಡಕೆಗೆ ನೇರವಾಗಿ ಸಂಬಂಧಪಟ್ಟ ಒಂದು ದೊಡ್ಡ ತೀರ್ಮಾನ, ಅಂದರೆ 2023ರ ಫೆಬ್ರವರಿಯಲ್ಲಿ ಆಮದು ಅಡಕೆಯ ಕನಿಷ್ಠ ದರವನ್ನು ಕೆಜಿಗೆ 251ರಿಂದ 351 ರೂಪಾಯಿಗೆ ಏರಿಸಿದ್ದು, ಹೊರಬಿದ್ದಿದ್ದು ವಾಣಿಜ್ಯ ಸಚಿವಾಲಯದಿಂದ. ಆದ್ದರಿಂದ "ರೋಗ ಯಾಕೆ ವಾಸಿ ಮಾಡಲಿಲ್ಲ" ಅಂತ ಕೇಳುವುದು ಅನ್ಯಾಯ. ನ್ಯಾಯವಾದ ಪ್ರಶ್ನೆ ಬೇರೆ: ಸಂಶೋಧನೆಗೆ ಎಷ್ಟು ದುಡ್ಡು ತಂದಿರಿ, ಎಷ್ಟು ತೋಟ ಮರುನೆಡಲು ನೆರವಾಯಿತು, ಯಾವ ಫೈಲು ಎಲ್ಲಿ ನಿಂತಿತು?

ಈ ಲೆಕ್ಕ ಕೇಳುವ ದಿನವೇ ಚುನಾವಣೆ. ಅವತ್ತು ಅವರ ಹೆಸರು ನಮ್ಮೂರಿನ ಮತಯಂತ್ರದಲ್ಲೇ ಇರಲಿಲ್ಲ. ಸ್ವಂತ ಪಕ್ಷದ ಕಾರ್ಯಕರ್ತರೇ 'ಗೋ ಬ್ಯಾಕ್ ಶೋಭಾ' ಅಂದರು, ಪಕ್ಷ ಅವರನ್ನು ಬೆಂಗಳೂರು ಉತ್ತರಕ್ಕೆ ಕಳಿಸಿತು, ಅಲ್ಲಿ 2.59 ಲಕ್ಷ ಅಂತರದಲ್ಲಿ ಗೆದ್ದರು. ಈಗ ಕಾರ್ಮಿಕ ಮತ್ತು ಸಣ್ಣ ಕೈಗಾರಿಕೆಗಳ ರಾಜ್ಯ ಸಚಿವೆ. ಯಶವಂತಪುರ ಅದೇ ಕ್ಷೇತ್ರಕ್ಕೆ ಸೇರುವುದರಿಂದ ಅವರಿಗೆ ಅದು ಹಳೇ ಮನೆ ಅನ್ನಬಹುದು. ಆದರೆ ಪ್ರಶ್ನೆ ಕೇಳಬೇಕಿದ್ದವರು ಒಂದು ಕಡೆ, ಉತ್ತರ ಹೇಳಬೇಕಿದ್ದವರು ಇನ್ನೊಂದು ಕಡೆ ಆದರು.

ಇದು ಅವರೊಬ್ಬರ ಕತೆಯೂ ಅಲ್ಲ. 1978ರಲ್ಲಿ ಇಂದಿರಾ ಗಾಂಧಿಗೆ ಚಿಕ್ಕಮಗಳೂರು ಸೀಟು ಬಿಟ್ಟುಕೊಟ್ಟ ಡಿ.ಬಿ. ಚಂದ್ರೇಗೌಡರು 2009ರಲ್ಲಿ ಗೆದ್ದಿದ್ದು ಬೆಂಗಳೂರು ಉತ್ತರದಲ್ಲಿ. ಅದೇ ವರ್ಷ ಉಡುಪಿ-ಚಿಕ್ಕಮಗಳೂರಿನಲ್ಲಿ ಗೆದ್ದ ಸದಾನಂದ ಗೌಡರು 2014 ಮತ್ತು 2019ರಲ್ಲಿ ಬೆಂಗಳೂರು ಉತ್ತರದ ಸಂಸದರು. ಈಗ ಶೋಭಾ. 2009ರಿಂದ ಈಚೆಗೆ ಈ ಕ್ಷೇತ್ರದಲ್ಲಿ ಗೆದ್ದವರೆಲ್ಲ ಹಿಂದೆ ಚಿಕ್ಕಮಗಳೂರನ್ನು ಪ್ರತಿನಿಧಿಸಿದವರೇ. ಮಲೆನಾಡು ರಾಜಕಾರಣಿಗಳಿಗೆ ಟ್ರೇನಿಂಗ್ ಪೀರಿಯಡ್ಡು, ಬೆಂಗಳೂರು ಪ್ರಮೋಷನ್ನು.

ಇಷ್ಟೆಲ್ಲ ಬೈದ ಮೇಲೆ ಒಂದು ಮಾತು ಹೇಳದಿದ್ದರೆ ಮೋಸ. ಅವರು ಹೋದ ರಸ್ತೆಯಲ್ಲಿ ನಾನು ಹತ್ತು ವರ್ಷ ಮೊದಲೇ ಹೋಗಿದ್ದೆ. ತೋಟ ಹಳದಿಯಾಗ್ತಾ ಇದ್ದಾಗ ಲ್ಯಾಪ್‌ಟಾಪ್ ಬ್ಯಾಗ್ ಹಾಕ್ಕೊಂಡು ರಾತ್ರಿ ಬಸ್ ಹತ್ತಿದವನು ನಾನು. ಆಮೇಲೆ ವೋಟನ್ನೂ ತಗೊಂಡು ಬಂದೆ. ಲೆಕ್ಕ ಕೇಳೋಕೆ ಊರಲ್ಲಿ ಉಳಿದವರು ವಯಸ್ಸಾದವರು.

ಹಾಗಂತ ಪ್ರಶ್ನೆ ಸತ್ತುಹೋಗಬೇಕಾಗಿಲ್ಲ. ನನ್ನ ಹಾಗೆ ಹೆಬ್ಬಾಳದಲ್ಲೋ ದಾಸರಹಳ್ಳಿಯಲ್ಲೋ ಇರುವ ಮಲೆನಾಡಿನವರಿಗೆ ಈಗಲೂ ಅವರೇ ಎಂಪಿ. ವೋಟು ಕೇಳೋಕೆ ಬಂದಾಗ ಮೆಟ್ರೋ, ಟ್ರಾಫಿಕ್ ಜೊತೆ ಹಳದಿ ಎಲೆಯ ಲೆಕ್ಕವನ್ನೂ ಕೇಳಬಹುದು.

ಮೊನ್ನೆ ಚಿಕ್ಕಪ್ಪನಿಗೆ ಇದನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೇಳು ಕೇಳು. ಕೇಳಿದ್ಮೇಲೆ ಒಂದ್ಸಲ ಊರಿಗೂ ಬಾ" ಅಂದ್ರು.